ಹದಿನಾಲ್ಕನೇ ಗುಂಡಿಯ ಚೀಟಿ

ಮರ್ಟನ್ ಫಾಲ್ಸ್, ವಿಸ್ಕಾನ್ಸಿನ್
ಮಾರ್ಚ್ 9, 1963

ಪ್ರಿಯ ಹಾರ್ಲನ್,

ನೀನು ಊರು ಬಿಟ್ಟು ಆರು ವರ್ಷವಾಗುತ್ತ ಬಂತು. ಈ ಆರು ವರ್ಷದಲ್ಲಿ ನಮ್ಮ ನಡುವೆ ಓಡಾಡಿದ್ದು ನಾಲ್ಕು ಕ್ರಿಸ್‌ಮಸ್ ಕಾರ್ಡು. ಅದರಲ್ಲಿ ಮೂರು ನನ್ನವು. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಈ ಊರಿನ ಲೈನುಗಳ ಮೇಲೆ ಯಾರು ಯಾರು ಕಿವಿಯಿಟ್ಟು ಕೂತಿರುತ್ತಾರೆಂಬುದು, ಹನ್ನೊಂದು ವರ್ಷ ಅವೇ ಲೈನುಗಳನ್ನು ಜೋಡಿಸಿದ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಈಗ ಬರೆಯುವುದಕ್ಕೆ ಕಾರಣವಿದೆ. ಗುರುವಾರ ಬೆಳಿಗ್ಗೆ ನಮ್ಮ ಶೆಡ್ಡಿಗೆ ಒಬ್ಬ ಸೇಲ್ಸ್‌ಮನ್ ಬಂದಿದ್ದ. ಬೋ ಟೈ, ಎಣ್ಣೆ ಹಚ್ಚಿದ ತಲೆ. ಕೇಬಲ್ ಜಾಯಿಂಟರ್‌ಗಳೆಲ್ಲ ಸುತ್ತ ನಿಂತೆವು. ಬೀನ್ಸ್ ಕಾಳಿನಷ್ಟು ದಪ್ಪದ ಒಂದು ಪ್ಲಾಸ್ಟಿಕ್ ಗುಂಡನ್ನು ತೆಗೆದ. ಎರಡು ತಂತಿಯ ತುದಿಗಳನ್ನು, ಮೇಲಿನ ಹೊದಿಕೆಯನ್ನೂ ಸುಲಿಯದೆ, ಅದರ ಬಾಯಿಗೆ ತುರುಕಿ ಇಕ್ಕಳದಲ್ಲಿ ಒಮ್ಮೆ ಒತ್ತಿದ. ಕಟಕ್. ಅಷ್ಟೇ.

"ಮುಗೀತು" ಅಂದ.

"ಒಳಗೇನಿದೆ?" ಅಂತ ಕೇಳಿದೆ.

"ಸೀಳಿರೋ ಹಿತ್ತಾಳೆ ತಗಡು ಸಾರ್. ಒತ್ತಿದ್ರೆ ಆ ಸೀಳು ಹೊದಿಕೆ ಕೊಯ್ದು ಒಳಗಿನ ತಾಮ್ರ ಹಿಡ್ಕೊಳ್ಳುತ್ತೆ. ಸುತ್ತ ಗ್ರೀಸು. ನೀರು ಹತ್ತಿರಾನೂ ಸುಳಿಯಲ್ಲ."

"ಯಾರ ತಲೆ ಇದು?"

ಅವನು ಕೈಯಲ್ಲಿದ್ದ ಕರಪತ್ರದ ಹಿಂದಿನ ಪುಟ ತಿರುಗಿಸಿ ತೋರಿಸಿದ. ಪೇಟೆಂಟ್ ನಂಬರು, ಅದರ ಕೆಳಗೆ ನಿನ್ನ ಹೆಸರು. ಹಾರ್ಲನ್ ಟೆಶ್. ನಡುವೆ 'ಜೆ' ಬೇರೆ. ಆ ಜೆ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಮ್ಮ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. "ಕ್ಲೆಮ್, ನಿಮ್ಮ ಜೊತೆ ರಸ್ತೆ ಕೆಳಗಿನ ಕೇಬಲ್ ಗುಂಡಿಯಲ್ಲಿ ಕೂತಿದ್ದವರಲ್ವಾ?" ಅಂತ ಒಬ್ಬ ಕೇಳಿದ. ಹೌದು, ಅವನಿಗೆ ಕಾಫಿ ಬಗ್ಗಿಸಿಕೊಟ್ಟವನೂ ನಾನೇ ಅಂದೆ.

ಅಭಿನಂದನೆ. ಮನಸಾರೆ ಹೇಳುತ್ತಿದ್ದೇನೆ. ಎರಡು ಸಲ ಬರೆದು ಹರಿದು ಮೂರನೇ ಸಲ ಬರೆದ ಕಾಗದ ಇದು. ಮನಸಾರೆ ಎಂಬ ಮಾತು ಮೂರರಲ್ಲೂ ಇತ್ತು. ನಿನ್ನಾಕೆ ವರ್ನಾಗೆ ನನ್ನಾಕೆ ಇರ್ಮಾಳ ನೆನಪು ತಿಳಿಸು.

ನಿನ್ನ ಹಳೆಯ ಜೊತೆಗಾರ,
ಕ್ಲೆಮ್ ವಾಸ್‌ಬರ್ಗ್


ಎಲಿಜಬೆತ್, ನ್ಯೂ ಜೆರ್ಸಿ
ಮಾರ್ಚ್ 28, 1963

ಪ್ರಿಯ ಕ್ಲೆಮ್,

ಕಾಗದ ಬಂತು. ಸಂತೋಷವಾಯಿತು.

ಇದರ ಜೊತೆ ಒಂದು ಪೆಟ್ಟಿಗೆ ಕಳಿಸಿದ್ದೇನೆ. ಇನ್ನೂರು ಕನೆಕ್ಟರ್, ಒಂದು ಇಕ್ಕಳ. ಇಲ್ಲಿ ಪರೀಕ್ಷೆ ಮಾಡುವವರು ಬೆಚ್ಚನೆಯ ಕೋಣೆಯಲ್ಲಿ ಕೂತು ಮಾಡುತ್ತಾರೆ. ನೀನು ಗುಂಡಿಯಲ್ಲಿ ಕೂತು ನೋಡಿ ಏನು ತಪ್ಪಿದೆ ಹೇಳು. ನಿನ್ನಷ್ಟು ನಿರ್ದಾಕ್ಷಿಣ್ಯವಾಗಿ ಹೇಳುವವರು ನನಗೆ ಇಲ್ಲಿ ಸಿಕ್ಕಿಲ್ಲ.

ಇಕ್ಕಳದ ಹಿಡಿ ಅಗಲ ಜಾಸ್ತಿಯಾಯಿತೇ ಎಂದು ವಿಶೇಷವಾಗಿ ನೋಡು. ಎಡಗೈಗೂ ಕೊಟ್ಟು ನೋಡು.

ವರ್ನಾ ನಿಮ್ಮಿಬ್ಬರನ್ನೂ ಕೇಳಿದಳೆಂದು ತಿಳಿಸಲು ಹೇಳಿದಳು.

ಹಾರ್ಲನ್


ಮರ್ಟನ್ ಫಾಲ್ಸ್
ಏಪ್ರಿಲ್ 15, 1963

ಪ್ರಿಯ ಹಾರ್ಲನ್ ಜೆ. ಟೆಶ್,

ಟೈಪು ಹೊಡೆಸಿದ ಕಾಗದ ನೋಡಿ ಮೊದಲು ತೆರಿಗೆಯವರದ್ದು ಎಂದುಕೊಂಡೆ. ಕೆಳಗಿನ ಹೆಸರು ಕೂಡ ಟೈಪು! ಒಂದು ಸಹಿ ಗೀಚಲೂ ಬಿಡುವಿಲ್ಲದಷ್ಟು ದೊಡ್ಡ ಮನುಷ್ಯನಾದೆಯೋ, ಸಹಿ ಹಾಕುವುದಕ್ಕೂ ಗುಮಾಸ್ತೆ ಇಟ್ಟಿದ್ದೀಯೋ? ಇರ್ಮಾ ಓದಿ, "ಪಾಪ, ಕೆಲಸ ಜಾಸ್ತಿ ಇರಬೇಕು" ಅಂದಳು. ಅವಳಿಗೆ ಎಲ್ಲರ ಮೇಲೂ ಪಾಪ ಎನ್ನಿಸುತ್ತದೆ, ಎದುರಿಗಿರುವವನೊಬ್ಬನನ್ನು ಬಿಟ್ಟು.

ಪೆಟ್ಟಿಗೆ ಬಂತು. ಪರೀಕ್ಷೆ ಮಾಡಿದೆ. ಫಲಿತಾಂಶ ಇಲ್ಲಿದೆ. ತಂತಿಯ ತುದಿಗಳನ್ನು ಕೈಯಲ್ಲಿ ಹೊಸೆದು ನಾನು ನೂರು ಜಾಯಿಂಟ್ ಮಾಡಲು ಐವತ್ತೊಂಬತ್ತು ನಿಮಿಷ. ನಿನ್ನ ಕಾಳಿನಲ್ಲಿ ಇಪ್ಪತ್ತೆರಡು. ಇಲ್ಲಿ ಎಲ್ಲರೂ ಅದನ್ನು 'ಹಾರ್ಲನ್ ಕಾಳು' ಅನ್ನುತ್ತಾರೆ. ಒಂದು ಕೂಡ ಕೈಕೊಡಲಿಲ್ಲ. ತಪ್ಪು ಹುಡುಕಲು ಭಾನುವಾರವನ್ನೂ ಕೊಟ್ಟೆ. ಹಿಡಿ ಅಗಲವಾಗಿಲ್ಲ, ಸರಿಯಾಗಿದೆ. ಇಷ್ಟು ಬರೆಯಲು ಎಷ್ಟು ಕಷ್ಟವಾಯಿತೆಂದು ನಿನಗೆ ಗೊತ್ತಾಗಲಿ ಎಂದೇ ಬರೆಯುತ್ತಿದ್ದೇನೆ.

ಒಂದು ವಿಷಯಕ್ಕೆ ಮಾತ್ರ ಹೊಟ್ಟೆ ಉರಿಯುತ್ತದೆ. ಹೊಸೆಯುವ ಕೆಲಸದಲ್ಲಿ ಒಬ್ಬೊಬ್ಬನ ಕೈ ಒಂದೊಂದು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಸಾಕು, ಇದು ನನ್ನ ತಿರುಪು, ಇದು ಹಾರ್ಲನ್ನನ ತಿರುಪು ಎಂದು ನಾನು ಹೇಳುತ್ತಿರಲಿಲ್ಲವೇ? ನಿನ್ನ ಕಾಳಿನೊಳಗೆ ಎಲ್ಲರದೂ ಒಂದೇ. ಮೊನ್ನೆ ಸೇರಿದವನದೂ ನನ್ನದೂ.

ಇನ್ನು ಮುಖ್ಯ ಮಾತು. ಡಿಸೆಂಬರ್ 1956 ನೆನಪಿದೆಯಾ? ಚೆಸ್ಟ್‌ನಟ್ ಬೀದಿ, ಹದಿನಾಲ್ಕನೇ ಗುಂಡಿ, ಮೈನಸ್ ಇಪ್ಪತ್ತು. ಬೆರಳು ಮರಗಟ್ಟಿ ತಂತಿ ಹಿಡಿಯಲಾಗುತ್ತಿರಲಿಲ್ಲ. ಆಗ ಒಂದು ಹಿತ್ತಾಳೆ ಚೂರಿಗೆ ಸೀಳು ಕೊಟ್ಟು, ಅದರಲ್ಲಿ ತಂತಿ ಒತ್ತಿ, ವ್ಯಾಸಲೀನ್ ಮೆತ್ತಿ ಆರು ಜಾಯಿಂಟ್ ಮಾಡಿದೆವು. ಆ ಹಿತ್ತಾಳೆ ನನ್ನ ಜಿಂಕೆ ಬೇಟೆಯ ತೋಟೆಯ ಚಿಪ್ಪು. ಕೊಯ್ದ ಹ್ಯಾಕ್ಸಾ ಬ್ಲೇಡು ನನ್ನದು. ವ್ಯಾಸಲೀನ್ ಇರ್ಮಾಳದು. ನಿನ್ನ ಪಾಲಿನದು ಏನಿತ್ತೆಂದು ಎಷ್ಟು ಯೋಚಿಸಿದರೂ ಚಳಿಯೊಂದೇ ನೆನಪಿಗೆ ಬರುತ್ತಿದೆ.

ಆ ವರ್ಷದ ನನ್ನ ಪುಸ್ತಕವನ್ನೂ ತೆಗೆದು ನೋಡಿದೆ. ನಾನೂರು ಜಾಯಿಂಟಿನ ಒಂದೊಂದು ಕೇಬಲಿಗೆ ಯಾರದು ಎಷ್ಟೆಂದು ಬರೆದಿಟ್ಟಿದ್ದೆ. ಸೆಪ್ಟೆಂಬರ್: ನನ್ನದು 210, ನಿನ್ನದು 190. ಅಕ್ಟೋಬರ್: 236, 164. ಡಿಸೆಂಬರ್ 11: ನನ್ನದು 288, ನಿನ್ನದು 106, ತಗಡಿನವು ಆರು. ಆ ಚಳಿಗಾಲವೆಲ್ಲ ನಿನ್ನನ್ನು ಹೊತ್ತುಕೊಂಡು ನಡೆದವನು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ನನಗೆ ಬೇಕಾಗಿರುವುದು ಒಂದೇ ಸಾಲು. 'ಮೊದಲ ಯೋಚನೆ ಕ್ಲೆಮ್‌ನದು' ಎಂದು ಬರೆದು ಕಳಿಸು. ಗೋಡೆಗೆ ಹಾಕಿಕೊಳ್ಳುವುದಿಲ್ಲ, ಡ್ರಾಯರಿನಲ್ಲಿ ಇಟ್ಟುಕೊಳ್ಳುತ್ತೇನೆ.

ಕ್ಲೆಮ್


ಎಲಿಜಬೆತ್
ಮೇ 20, 1963

ಕ್ಲೆಮ್,

ತಡವಾಯಿತು. ಮೂರು ಸಲ ಶುರು ಮಾಡಿ ಬಿಟ್ಟೆ.

ಹಿತ್ತಾಳೆ ನಿನ್ನದು, ಸರಿ. ಬ್ಲೇಡೂ ನಿನ್ನದು. ಕೊಯ್ದದ್ದು ನೀನೇ, ಅದೂ ಸರಿ. ಹೀಗೆ ಕೊಯ್ದುಕೊಡು ಎಂದವನು ನಾನು. ಅದಕ್ಕೆ ನೀನು ಏನಂದೆ ಎಂಬುದು ನನಗೆ ನೆನಪಿದೆ. ನಿನಗೆ ನೆನಪಿಲ್ಲದಿದ್ದರೆ ಕಾಗದದಲ್ಲಿ ಬರೆದು ನೆನಪಿಸುವುದು ನನಗೆ ಬೇಡ.

ಆ ಒಂದು ಸಾಲು ಬರೆಯಲಾರೆ. ಬೇರೆ ಏನು ಬೇಕಾದರೂ ಕೇಳು.

ನನ್ನ ಲೆಕ್ಕ ಕಡಿಮೆಯಾದದ್ದು ನಿಜ. ಪುಸ್ತಕ ಸರಿಯಾಗಿಯೇ ಇದೆ.

ಹಾರ್ಲನ್


ಮರ್ಟನ್ ಫಾಲ್ಸ್
ಜೂನ್ 11, 1963

ಹಾರ್ಲನ್,

ನಿನ್ನ ಹತ್ತು ಸಾಲಿನ ಟೈಪಿಗೆ ಉತ್ತರ ಬರೆಯಬಾರದೆಂದೇ ಇದ್ದೆ. ಆದರೆ ಬೆನ್ನ ಹಿಂದೆ ಕೆಲಸ ಮಾಡಿದ ಎಂಬ ಮಾತು ನನಗೆ ಬರಬಾರದು. ಅದಕ್ಕೆ ಮುಂಚಿತವಾಗಿ ತಿಳಿಸುತ್ತಿದ್ದೇನೆ.

ಹೋದ ವಾರ ಒಬ್ಬ ವಕೀಲ ಬಂದಿದ್ದ. ಹೆಸರು ಪ್ರೂಯಿಟ್. ನಿಮ್ಮ ಕಾರ್ಖಾನೆಯ ಎದುರಾಳಿ ಕಂಪನಿಯವರ ಕಡೆಯವನು. ಅವರೂ ಇಂಥದ್ದೇ ಕಾಳು ಮಾಡಬೇಕೆಂದಿದ್ದಾರೆ, ನಿನ್ನ ಪೇಟೆಂಟ್ ಅಡ್ಡ ಕೂತಿದೆ. ಸೇತುವೆ ಪಕ್ಕದ ಹೋಟೆಲಿನಲ್ಲಿ ಕೂರಿಸಿ ಹಣ್ಣಿನ ಪೈ ತಿನ್ನಿಸಿದ. ನನ್ನ ಬಾಯಿಂದ ಬಂದದ್ದನ್ನೆಲ್ಲ ಹಳದಿ ಕಾಗದದಲ್ಲಿ ಬರೆದುಕೊಂಡ. ನಾನು ಮಾತಾಡಿದ್ದನ್ನು ಒಬ್ಬ ಮನುಷ್ಯ ಬರೆದುಕೊಂಡಿದ್ದು ಇದೇ ಮೊದಲು, ಟ್ರಾಫಿಕ್ ಪೊಲೀಸನನ್ನು ಬಿಟ್ಟರೆ.

"ವಾಸ್‌ಬರ್ಗ್ ಅವರೇ, ಇದು ನಿಮ್ಮ ಯೋಚನೆ ಅಂತ ಒಂದು ಅಫಿಡವಿಟ್ ಕೊಡ್ತೀರಾ?" ಅಂದ.

"ಕೊಟ್ರೆ?"

"ಪೇಟೆಂಟ್ ನಿಲ್ಲಲ್ಲ. ಯೋಚನೆ ಮಾಡಿದವರು ಬೇರೆ, ಹೆಸರು ಹಾಕಿಸ್ಕೊಂಡವರು ಬೇರೆ ಅಂದ್ರೆ ಅದು ಬರೀ ಕಾಗದ."

"ಹಾರ್ಲನ್ ಗತಿ?"

"ಅದು ಅವರ ಕಂಪನಿಗೆ ಬಿಟ್ಟಿದ್ದು. ಇಟ್ಕೊಳ್ಳಲಿಕ್ಕಿಲ್ಲ" ಅಂದು ಚಮಚ ನೆಕ್ಕಿದ. ಆಮೇಲೆ ಬಾಗಿ, "ನಮ್ಮವರು ನಿಮಗೆ ದುಡ್ಡು ಕೊಡೋ ಹಾಗಿಲ್ಲ. ಆದ್ರೆ ಡಬ್ಬಿ ಮೇಲೆ ಏನು ಹೆಸರು ಹಾಕ್ಬೇಕು ಅನ್ನೋದು ನಮಗೆ ಬಿಟ್ಟಿದ್ದು. 'ವಾಸ್‌ಬರ್ಗ್ ಕನೆಕ್ಟರ್'. ಕೇಳೋಕೆ ಹೇಗಿದೆ?" ಅಂದ.

ಹೇಗಿದೆ ಎಂದು ನಾನು ಅವನಿಗೆ ಹೇಳಲಿಲ್ಲ. ನಿನಗೆ ಹೇಳುತ್ತೇನೆ. ಬಹಳ ಚೆನ್ನಾಗಿದೆ. ಮನೆಗೆ ಬರುವ ದಾರಿಯಲ್ಲಿ ಕಾರಿನೊಳಗೆ ಐದಾರು ಸಲ ಗಟ್ಟಿಯಾಗಿ ಹೇಳಿಕೊಂಡೆ.

ಇರ್ಮಾ ಎಲ್ಲ ಕೇಳಿ, "ನಿಂಗೆ ಬೇಕಾಗಿರೋದು ನ್ಯಾಯಾನೋ, ಡಬ್ಬಿ ಮೇಲಿನ ಹೆಸರೋ?" ಅಂದಳು.

"ಎರಡೂ ಒಂದೇ ಕಡೆ ಸಿಕ್ತಿದ್ರೆ ಬೇರೆ ಬೇರೆ ಅಂಗಡಿಗೆ ಯಾಕೆ ಹೋಗ್ಲಿ?" ಅಂದೆ. ಅವಳು ಪಾತ್ರೆ ಸ್ವಲ್ಪ ಜೋರಾಗಿ ತೊಳೆದಳು.

ಬರೀ ನನ್ನ ಮಾತು ಸಾಲದು, ಸಾಕ್ಷಿ ಬೇಕು ಎಂದ ಪ್ರೂಯಿಟ್. ಸಾಕ್ಷಿ ಇದೆ ಎಂದೆ. ಕೇಬಲಿನ ನಾನೂರು ತಂತಿಗಳ ಕಟ್ಟಿಗೆ ಸೀಸದ ಕೊಳವೆ ಮುಚ್ಚಿ ಕರಗಿದ ಸೀಸದಿಂದ ಬಾಯಿ ಸವರುವ ಮೊದಲು ನಾವು ಏನು ಮಾಡುತ್ತಿದ್ದೆವು? ಹಾಗೆ ಮುಚ್ಚಿದ ಪ್ರತಿಯೊಂದು ಕೇಬಲ್ ಜಾಯಿಂಟಿನೊಳಗೂ ಒಂದು ಚೀಟಿ. ತಾರೀಖು, ಇಬ್ಬರ ಹೆಸರು, ಏನು ವಿಶೇಷವೋ ಅದು. ಮುಂದೆ ಎಂದೋ ತೆಗೆಯುವ ಜಾಯಿಂಟರ್‌ಗೆ ನಮ್ಮ ನಮಸ್ಕಾರ. ಅಕ್ಷರ ಚೆನ್ನಾಗಿದೆಯೆಂದು ಯಾವಾಗಲೂ ನಾನೇ ಬರೆಯುತ್ತಿದ್ದೆ. ಅಂದು ಏನು ಬರೆದೆನೆಂದು ಅಕ್ಷರಶಃ ನೆನಪಿಲ್ಲ. ಆದರೆ ಹೊಸ ಉಪಾಯ ಮಾಡಿದ ದಿನ ಕ್ಲೆಮ್ ವಾಸ್‌ಬರ್ಗ್ ತನ್ನ ಹೆಸರು ಬರೆಯದೆ ಬಿಟ್ಟಿರುತ್ತಾನೆಯೇ, ನೀನೇ ಹೇಳು.

ಹೊಸ ಆಸ್ಪತ್ರೆಗೆ ಲೈನು ಕವಲೊಡೆಯಲು ಆಗಸ್ಟ್‌ನಲ್ಲಿ ಹದಿನಾಲ್ಕನೇ ಗುಂಡಿಯ ಆ ಜಾಯಿಂಟನ್ನೇ ಬಿಚ್ಚಬೇಕಾಗಿದೆ. ಕೆಲಸ ನನ್ನ ಹೆಸರಿಗೇ ಹಾಕಿಸಿಕೊಂಡಿದ್ದೇನೆ. ಪ್ರೂಯಿಟ್ ಅಂದು ಬರುತ್ತಾನೆ. ಚೀಟಿ ನೋಡಿ, ಅಲ್ಲೇ ಸಹಿ ಹಾಕುತ್ತೇನೆ.

ನಿನಗೆ ಹೇಳುವುದೇನಾದರೂ ಇದ್ದರೆ ಅದಕ್ಕೆ ಮೊದಲು ಹೇಳು.

ಕ್ಲೆಮ್


ಎಲಿಜಬೆತ್
ಜುಲೈ 2, 1963

ಕ್ಲೆಮ್,

ಬಿಚ್ಚು. ಚೀಟಿಯಲ್ಲಿ ಏನಿದೆಯೋ ನನಗೂ ಗೊತ್ತಿಲ್ಲ. ನೀನು ಬರೆಯುವಾಗ ನಾನು ನೋಡುತ್ತಿರಲಿಲ್ಲ, ಸೀಸ ಕಾಯಿಸುತ್ತಿದ್ದೆ. ಏನೇ ಇರಲಿ, ಅದಕ್ಕೆ ನಾನು ಎದುರು ಹೇಳುವುದಿಲ್ಲ. ನಮ್ಮ ವಕೀಲರಿಗೂ ಹೇಳಿದ್ದೇನೆ.

ಒಂದು ಬೇಡಿಕೆ. ಆ ಆರು ಜಾಯಿಂಟುಗಳನ್ನು ಕತ್ತರಿಸುವ ಮೊದಲು ಹಿತ್ತಾಳೆಗೆ ಹಸಿರು ಬಂದಿದೆಯೇ ನೋಡು. ಒಂದೊಂದನ್ನೂ ಮೀಟರ್ ಹಚ್ಚಿ ಅಳೆ. ಏಳು ಚಳಿಗಾಲ ನೆಲದೊಳಗಿದ್ದವು ನನಗೆ ಬೇರೆಲ್ಲೂ ಸಿಗುವುದಿಲ್ಲ. ಇದೊಂದು ನನಗೆ ನಿಜವಾಗಿ ತಿಳಿಯಬೇಕು.

ಹಾರ್ಲನ್


ಮರ್ಟನ್ ಫಾಲ್ಸ್
ಜುಲೈ 19, 1963

ಹಾರ್ಲನ್,

ಮನೆಗೆ ಬೆಂಕಿ ಬಿದ್ದಿದೆ ಎಂದರೆ ಒಲೆ ಉರಿಯುತ್ತಿದೆಯಾ ಎಂದು ಕೇಳಿದ ಹಾಗಾಯಿತು ನಿನ್ನ ಕಾಗದ. ನಾನು ನಿನ್ನ ಬುಡಕ್ಕೆ ಕೈ ಹಾಕಿದ್ದೇನೆ, ನಿನಗೆ ಹಿತ್ತಾಳೆಯ ಚಿಂತೆ! ಅಷ್ಟೊಂದು ಧೈರ್ಯವೋ, ಕ್ಲೆಮ್ ಏನು ಮಹಾ ಮಾಡಿಯಾನು ಎಂಬ ತಾತ್ಸಾರವೋ?

ತಾತ್ಸಾರವೇ ಇರಬೇಕು. 57ರ ಬೇಸಿಗೆಯಲ್ಲೂ ಹಾಗೆಯೇ ಹೊರಟೆ. ಹನ್ನೊಂದು ವರ್ಷದ ಜೊತೆಗಾರನಿಗೆ ಒಂದು ಮಾತಿಲ್ಲ. ಅದಕ್ಕೆ ಮೊದಲು ಏಪ್ರಿಲ್‌ನಲ್ಲಿ ಗುಂಡಿ ಬಿಟ್ಟು ಹೋದಾಗಲೂ ಅಷ್ಟೇ. ಸೋಮವಾರ ಬಂದರೆ ನಿನ್ನ ಸ್ಟೂಲಿನ ಮೇಲೆ ಬೇರೆ ಯಾರೋ ಕೂತಿದ್ದ, ಕೇಬಲನ್ನು ಹಸುವಿನ ಬಾಲ ಹಿಡಿದಂತೆ ಹಿಡಿದುಕೊಂಡು.

ಆಗಸ್ಟ್ ಇಪ್ಪತ್ತೊಂದಕ್ಕೆ ಬಿಚ್ಚುತ್ತೇವೆ. ಮೀಟರ್ ತರುತ್ತೇನೆ. ನಿನಗಾಗಿ ಅಲ್ಲ, ಕೆಲಸಕ್ಕೆ ಹೇಗೂ ಬೇಕು.

ಕ್ಲೆಮ್


ಮರ್ಟನ್ ಫಾಲ್ಸ್
ಆಗಸ್ಟ್ 22, 1963

ಪ್ರಿಯ ಹಾರ್ಲನ್,

ಇದನ್ನು ಏರ್‌ಮೇಲಿನಲ್ಲಿ ಹಾಕುತ್ತಿದ್ದೇನೆ. ಓದಿದ ಕೂಡಲೇ ಉತ್ತರ ಬೇಕು. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ನಿನ್ನೆ ಬೆಳಿಗ್ಗೆ ಎಂಟಕ್ಕೆ ಗುಂಡಿಯ ಮುಚ್ಚಳ ತೆಗೆದೆವು. ಮೇಲೆ ನಮ್ಮ ಫೋರ್‌ಮನ್ ಲೂಥರ್, ಪಕ್ಕದಲ್ಲಿ ಪ್ರೂಯಿಟ್. ವಕೀಲನ ಬೂಟು ಎಷ್ಟು ಹೊಳೆಯುತ್ತಿತ್ತೆಂದರೆ ಅದರಲ್ಲಿ ಮುಖ ನೋಡಿ ಗಡ್ಡ ಹೆರೆಯಬಹುದಿತ್ತು. ಕೆಳಗೆ ನಾನೊಬ್ಬನೇ.

"ವಾಸ್‌ಬರ್ಗ್ ಅವರೇ, ಎಷ್ಟು ಹೊತ್ತಾಗುತ್ತೆ?" ಅಂದ ಪ್ರೂಯಿಟ್.

"ನೀವು ಕೇಳ್ತಾ ಇದ್ರೆ ಮಧ್ಯಾಹ್ನ" ಅಂದೆ. ಲೂಥರ್ ನಕ್ಕಿದ್ದು ಕೇಳಿಸಿತು.

ಸೀಸ ಕೊಯ್ದೆ. ಕೊಳವೆ ಬಿಚ್ಚಿಕೊಂಡಿತು. ಒಳಗೆ ಸುತ್ತಿದ್ದ ಬಟ್ಟೆ ನಾವು ಬಿಟ್ಟ ಹಾಗೆಯೇ ಒಣಗಿತ್ತು. ಒಂದು ಹನಿ ನೀರಿಲ್ಲ. ಸೀಸ ಸವರುವುದರಲ್ಲಿ ನನಗೆ ಸಮ ಇಲ್ಲ ಎಂಬುದನ್ನು ಈಗಲಾದರೂ ಒಪ್ಪಿಕೋ. ಬಟ್ಟೆಯ ಮೊದಲ ಸುತ್ತಿನಲ್ಲೇ ಚೀಟಿ ಇತ್ತು. ನನ್ನದೇ ಅಕ್ಷರ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ:

'ಡಿಸೆಂಬರ್ 11, 1956. ಸಿ. ವಾಸ್‌ಬರ್ಗ್, ಎಚ್. ಟೆಶ್. ಒಳಗೆ ಹಾರ್ಲನ್ನನ ಆರು ತಗಡಿನ ಜಾಯಿಂಟ್ ಇವೆ. ನಾನು ಬೇಡವೆಂದೆ, ಕೇಳಲಿಲ್ಲ. ಈ ಚಳಿಗಾಲ ದಾಟುವುದಿಲ್ಲವೆಂದು ಒಂದು ಚೆರ್ರಿ ಪೈ ಪಂದ್ಯ. ಕೆಟ್ಟ ಮೇಲೆ ಬಿಚ್ಚುವವನೇ, ಬೈಯುವುದಿದ್ದರೆ ಅವನನ್ನು ಬೈ, ನನ್ನನ್ನಲ್ಲ. ಕ್ಲೆಮ್.'

ಓದಿದ ಮೇಲೂ ನನಗೆ ಒಂದು ನಿಮಿಷ ಅದು ಬೇರೆ ಯಾರದೋ ಎನ್ನಿಸಿತು. ನೋಡು, ಆ ದಿನ ನಾನು ಎಷ್ಟು ಜಾಣನಾಗಿದ್ದೆ! ಕೆಟ್ಟರೆ ನನ್ನ ತಲೆಗೆ ಬರಬಾರದೆಂದು ಹೆಸರು ಹಾಕಿ ಬರೆದುಕೊಟ್ಟಿದ್ದೇನೆ. ಏಳು ವರ್ಷದಿಂದ ಅದು ನನ್ನ ಯೋಚನೆ ಎಂದು ನಾನು ನಂಬಿದ್ದು ಸುಳ್ಳಲ್ಲ ಹಾರ್ಲನ್. ನಾನು ಹಿತ್ತಾಳೆ ಕೊಯ್ಯುತ್ತಿದ್ದದ್ದು, ಬೆರಳು ಕೊಯ್ದುಕೊಂಡದ್ದು, ಎಲ್ಲ ಕಣ್ಣಿಗೆ ಕಟ್ಟಿದೆ. ಬೈದುಕೊಂಡೇ ಕೊಯ್ಯುತ್ತಿದ್ದೆ ಎಂಬುದೊಂದು ಉದುರಿಹೋಗಿತ್ತು. ಬೇಡದ್ದು ಹೇಗೆ ತಾನಾಗಿ ಉದುರುತ್ತದೆ ನೋಡು.

"ಸಿಕ್ತಾ?" ಅಂತ ಮೇಲಿಂದ ಪ್ರೂಯಿಟ್.

"ಹುಡುಕ್ತಿದ್ದೀನಿ" ಅಂದೆ.

ಸೀಸ ಕರಗಿಸುವ ಬ್ಲೋಲ್ಯಾಂಪ್ ಪಕ್ಕದಲ್ಲೇ ಉರಿಯುತ್ತಿತ್ತು. ಚೀಟಿ ಎರಡು ಬೆರಳಗಲ. ಒಂದು ಕ್ಷಣದ ಕೆಲಸ. ಚೀಟಿ ಇಲ್ಲವೆಂದರೆ ನನ್ನ ಮಾತೇ ಸಾಕ್ಷಿ. ಪ್ರೂಯಿಟ್ ಅಷ್ಟಕ್ಕೂ ಸಿದ್ಧನಾಗಿ ಬಂದಿದ್ದ, ಅಫಿಡವಿಟ್ ಅವನ ಚೀಲದಲ್ಲಿತ್ತು. ನಾನು ಚೀಟಿಯನ್ನು ದೀಪದ ಹತ್ತಿರ ಹಿಡಿದೆನೋ ಇಲ್ಲವೋ ಎಂದು ಕೇಳಬೇಡ. ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿದೆ. ಚೀಟಿಯನ್ನು ಇದರ ಜೊತೆಗೇ ಇಟ್ಟಿದ್ದೇನೆ, ನೋಡಿದರೆ ನಿನಗೇ ಗೊತ್ತಾಗುತ್ತದೆ.

ಅಷ್ಟರಲ್ಲಿ, ಕೈಗೆ ಏನಾದರೂ ಕೆಲಸ ಬೇಕಲ್ಲ, ಇನ್ನೊಂದು ಕೈಯಲ್ಲಿ ಬಟ್ಟೆಯ ಉಳಿದ ಸುತ್ತನ್ನು ಬಿಚ್ಚಿದೆ. ತಂತಿಗಳು ಹರಡಿಕೊಂಡವು. ಅಭ್ಯಾಸ ನೋಡು, ಬೆರಳು ತಾನಾಗಿ ಹೋಗಿ ತಿರುಪುಗಳನ್ನು ಮುಟ್ಟಿತು. ನನ್ನವು, ನನ್ನವು, ನನ್ನವು. ಬಿಗಿಯಾಗಿ, ಬಲಕ್ಕೆ. ಕೇಬಲಿನ ಆ ಬದಿಗೆ ನಿನ್ನವು. ಮೊದಲ ಒಂಬತ್ತು ಸಡಿಲ, ಬಲಕ್ಕೆ. ಹತ್ತನೆಯದು ಎಡಕ್ಕೆ ಸುತ್ತಿತ್ತು.

ಯಾರೋ ತಪ್ಪಿ ಮಾಡಿದ್ದೆಂದುಕೊಂಡೆ. ಹನ್ನೊಂದನೆಯದೂ ಎಡಕ್ಕೆ. ಚೀಟಿ ಜೇಬಿಗೆ ಹಾಕಿ, ಕನ್ನಡಕ ಏರಿಸಿ ಒಂದೊಂದಾಗಿ ಎಣಿಸಿದೆ. ತೊಂಬತ್ತೇಳು. ತೊಂಬತ್ತೇಳೂ ಎಡಗೈಯ ತಿರುಪು. ಕೆಲವಕ್ಕೆ ಹಲ್ಲಿನ ಗುರುತು ಇದೆ. ತುದಿ ಹಿಡಿಯಲು ಬಲಗೈ ಬರುತ್ತಿರಲಿಲ್ಲ ಎಂದಲ್ಲವೇ? ನಡುವೆ ಕೇಬಲು ಗೋಡೆಯ ಹಾಗೆ, ನೀನು ಆ ಕಡೆ, ನಾನು ಈ ಕಡೆ. ನಾನು ಕೇಳಿಸಿಕೊಂಡಿದ್ದು ನಿನ್ನ ನಿಧಾನವನ್ನು. ಎಣಿಸಿದ್ದು ಅದನ್ನೇ. ಹೊಸೆಯುವುದು ಹೆಬ್ಬೆರಳಿನ ಕೆಲಸ, ನಿನ್ನ ಬಲ ಹೆಬ್ಬೆರಳು ಸತ್ತುಹೋಗಿತ್ತು ಹಾರ್ಲನ್. ಹೊಸೆಯಲಾಗದವನು ಒತ್ತುವುದನ್ನು ಕಂಡುಹಿಡಿದ. ನನ್ನ ಹೆಬ್ಬೆರಳು ಇಂದಿಗೂ ಗಟ್ಟಿಯಾಗಿದೆ. ನನಗೆ ಅದು ಹೊಳೆಯುವ ಅಗತ್ಯವೇ ಇರಲಿಲ್ಲ.

ಟೈಪು ಹೊಡೆದ ಕಾಗದಗಳ ವಿಷಯ ಆಮೇಲೆ ಹೊಳೆಯಿತು. ಟೈಪಿಗೆ ಹೆಬ್ಬೆರಳು ಬೇಡ. 'ಎಡಗೈಗೂ ಕೊಟ್ಟು ನೋಡು' ಎಂದು ನೀನು ಬರೆದದ್ದು ಯಾಕೆಂಬುದೂ.

ಗುಂಡಿಯಿಂದ ಮೇಲೆ ಬಂದು ಚೀಟಿಯನ್ನು ಪ್ರೂಯಿಟ್ ಕೈಗೆ ಕೊಟ್ಟೆ. ಅವನು ಓದಿದ. ತಿರುಗಿಸಿ ಹಿಂಬದಿ ನೋಡಿದ. ಅಲ್ಲಿ ಏನೂ ಇರಲಿಲ್ಲ.

"ಇದು ನಿಮ್ಮ ಅಕ್ಷರಾನಾ?"

"ಇದಕ್ಕಿಂತ ಚೆನ್ನಾಗಿ ಬರೆಯೋನು ಈ ಊರಲ್ಲಿ ಇಲ್ಲ."

"ಇದು ಸಿಗಲಿಲ್ಲ ಅಂತ ಹೇಳೋಕೆ ನಿಮಗೇನು ತೊಂದರೆ ಇತ್ತು?" ಅಂದ, ನಿಜಕ್ಕೂ ಬೇಸರದಿಂದ.

"ಹಿಂದಿನ ಜಾಯಿಂಟರ್ ಇಟ್ಟ ಚೀಟಿ ಸುಡಬಾರದು ಸಾರ್, ನಮ್ಮಲ್ಲಿ ಹಾಗಿದೆ" ಅಂದೆ. ಅವನು ಹ್ಯಾಟು ಹಾಕಿಕೊಂಡು ಹೋದ. ಬೂಟಿಗೆ ಸ್ವಲ್ಪ ಸೀಸ ಹತ್ತಿತ್ತು, ಹೇಳಲಿಲ್ಲ.

ಲೂಥರ್ ಚೀಟಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಯ್ಯಾ ಕ್ಲೆಮ್, ನಿನ್ನ ಕೇಸು ನೀನೇ ಏಳು ವರ್ಷದ ಹಿಂದೆ ಸೋತಿದ್ದೀಯಲ್ಲೋ!" ಅಂದ. ಸಂಜೆಯೊಳಗೆ ಊರಿಗೆಲ್ಲ ಗೊತ್ತು. ನಾಳೆ ಶುಕ್ರವಾರದ ಮೀನೂಟಕ್ಕೆ ಹೋದರೆ ಬಾಗಿಲಲ್ಲೇ ಶುರು ಮಾಡುತ್ತಾರೆ. ಹೋಗುತ್ತೇನೆ. ಎಂದೋ ಒಂದು ದಿನ ಹೋಗಲೇಬೇಕಲ್ಲ.

ಇನ್ನೊಂದು ಮಾತು ಉಳಿದಿದೆ. ಇದನ್ನು ಇರ್ಮಾಗೂ ಹೇಳಿಲ್ಲ. 57ರ ಏಪ್ರಿಲ್‌ನಲ್ಲಿ ನಿನ್ನನ್ನು ಜಾಯಿಂಟಿನ ಕೆಲಸದಿಂದ ತೆಗೆದು ಟೆಲಿಫೋನ್ ಕಂಬ ಪೇರಿಸುವ ಯಾರ್ಡಿಗೆ ಹಾಕಿದರು. ಆ ಬೇಸಿಗೆಯಲ್ಲೇ ನೀನು ಊರು ಬಿಟ್ಟೆ. ಯಾಕೆ ಹಾಕಿದರೆಂದು ನೀನು ನನ್ನನ್ನು ಕೇಳಲಿಲ್ಲ. ಲೂಥರ್‌ಗೆ ಆ ಪುಸ್ತಕ ತೋರಿಸಿದವನು ನಾನು. 288, 106. ಗೆರೆ ಎಳೆದು ತೋರಿಸಿದೆ.

ನಿನ್ನ ಹಿತ್ತಾಳೆಗೆ ಹಸಿರು ಬಂದಿಲ್ಲ. ಆರಕ್ಕೆ ಆರೂ ಮೀಟರಿನಲ್ಲಿ ಚೊಕ್ಕ. ನನ್ನ 288ರಲ್ಲಿ ಎರಡು ಕೆಟ್ಟಿವೆ.

ನನ್ನ ಹೊಟ್ಟೆಕಿಚ್ಚು ಹೋಯಿತೆಂದು ತಿಳಿಯಬೇಡ. ಹೋಗಿಲ್ಲ. ಆ ಕರಪತ್ರ ಕಂಡರೆ ಈಗಲೂ ಒಳಗೆ ಏನೋ ಉರಿಯುತ್ತದೆ. ನಿನಗೆ ಹೊಳೆದದ್ದು ನನಗೆ ಹೊಳೆಯಬೇಕಿತ್ತು. ನಾನೂ ಅದೇ ಗುಂಡಿಯಲ್ಲಿ ಇದ್ದೆ.

ಆಸ್ಪತ್ರೆಯ ಕವಲು ಮುಗಿಯಲು ಇನ್ನೂ ಒಂದು ವಾರ ಬೇಕು. ಅಲ್ಲಿಯವರೆಗೆ ಬಟ್ಟೆ ಸುತ್ತಿ ಮೇಲೆ ಡೇರೆ ಹಾಕಿದ್ದೇನೆ. ನಿನ್ನ ಆರನ್ನು ಕತ್ತರಿಸುವುದಿಲ್ಲ. ಮುಚ್ಚುವಾಗ ಹೊಸ ಚೀಟಿ ಇಡಬೇಕು. ಏನು ಬರೆಯಲಿ, ಹೇಳು. ಈ ಸಲ ನಿನ್ನನ್ನು ಕೇಳದೆ ಬರೆಯುವುದಿಲ್ಲ.

ಕ್ಲೆಮ್


ಎಲಿಜಬೆತ್
ಆಗಸ್ಟ್ 26, 1963

ಕ್ಲೆಮ್,

ಕೈಯಲ್ಲೇ ಬರೆಯುತ್ತಿದ್ದೇನೆ. ಎಡಗೈ. ಓದಲು ಕಷ್ಟವಾದರೆ ಇರ್ಮಾಗೆ ಕೊಡು, ಅವಳು ಮಕ್ಕಳಿಗೆ ಪಾಠ ಹೇಳಿದವಳು.

ಪುಸ್ತಕ ತೋರಿಸಿದ್ದು ನೀನೆಂದು ಗೊತ್ತಿತ್ತು. ಲೂಥರ್ ಅದೇ ಪುಟವನ್ನು ನನಗೂ ತೋರಿಸಿದ. ಲೆಕ್ಕ ಸರಿಯಾಗಿತ್ತು. ಬೆರಳಿನ ವಿಷಯ ನಾನು ಅವನಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ಹೊಸೆಯಲು ಬಾರದ ಜಾಯಿಂಟರ್ ಎನ್ನಿಸಿಕೊಳ್ಳುವುದಕ್ಕಿಂತ ಸೋಮಾರಿ ಎನ್ನಿಸಿಕೊಳ್ಳುವುದು ಲೇಸೆನ್ನಿಸಿತು. ನಿನ್ನ ಎದುರಿಗಂತೂ ಹೌದು. ನಿನ್ನ ತಿರುಪು ನೋಡಿ ನಾನು ಎಷ್ಟು ಉರಿದುಕೊಂಡಿದ್ದೇನೆಂದು ನಿನಗೆ ಗೊತ್ತಿಲ್ಲ. ಹನ್ನೊಂದು ವರ್ಷವೂ. ಬೆರಳು ಚೆನ್ನಾಗಿದ್ದಾಗಲೂ.

ಆರೂ ಚೊಕ್ಕ ಎಂದು ಓದಿ ವರ್ನಾಳನ್ನು ಎಬ್ಬಿಸಿ ಹೇಳಿದೆ. ಅವಳು ಸರಿ ಎಂದು ಮತ್ತೆ ಮಲಗಿದಳು.

ಚೀಟಿಯಲ್ಲಿ ಹೀಗೆ ಬರಿ: ಹಿತ್ತಾಳೆ ಕ್ಲೆಮ್‌ನದು.

ಪಂದ್ಯದ ಪೈ ಚೆರ್ರಿಯದೇ ಆಗಬೇಕು. ಅಕ್ಟೋಬರಿನಲ್ಲಿ ಬರುತ್ತೇವೆ.

ಹಾರ್ಲನ್


ಮರ್ಟನ್ ಫಾಲ್ಸ್
ಆಗಸ್ಟ್ 30, 1963

ಹಾರ್ಲನ್,

ಇಂದು ಮಧ್ಯಾಹ್ನ ಮೂರಕ್ಕೆ ಮುಚ್ಚಿದೆ. ಸೀಸ ಕನ್ನಡಿಯ ಹಾಗೆ ಬಂದಿದೆ. ನೀನು ನೋಡಿದ್ದರೆ ಇನ್ನೊಮ್ಮೆ ಉರಿದುಕೊಳ್ಳುತ್ತಿದ್ದೆ.

ಚೀಟಿಯ ನಕಲು ಇದು. ನೀನು ಹೇಳಿದ್ದು ಬರೆದಿದ್ದೇನೆ, ಕೊನೆಯ ಸಾಲು ಮಾತ್ರ ಕೇಳದೆ ಸೇರಿಸಿದೆ.

'ಆಗಸ್ಟ್ 30, 1963. ಒಳಗೆ ಹಾರ್ಲನ್ ಟೆಶ್‌ನ ಆರು ತಗಡಿನ ಜಾಯಿಂಟ್, ಎಡಗೈಯ ತೊಂಬತ್ತೇಳು ತಿರುಪು. ಮುಟ್ಟಿ ನೋಡು, ಕತ್ತರಿಸಬೇಡ. ಹಿತ್ತಾಳೆ ಕ್ಲೆಮ್‌ನದು. ಎಂದಾದರೂ ಕೆಟ್ಟರೆ ಇಬ್ಬರನ್ನೂ ಬೈ.'

ಕ್ಲೆಮ್